ಅಧ್ಯಕ್ಷರ ಕಾರಿನ ತಂಪು

ರಾಯಚೂರಿನ ಬಿಸಿಲಲ್ಲಿ ಕಾಗೆಯೂ ನೆರಳು ಹುಡುಕುತ್ತದೆ. ಸಹಕಾರ ಸಂಘದ ಅಧ್ಯಕ್ಷ ಬಸವಂತರಾಯರು ಮಾತ್ರ ತಮ್ಮ ಡ್ರೈವರ್ ಮೌಲಾಲಿಯನ್ನು ಬಿಸಿಲಲ್ಲೇ ನಿಲ್ಲಿಸಿದ್ದರು. ಏನು ತಪ್ಪು ಮಾಡಿದ್ದ ಅವನು? ರಾಯರ ಹಳೇ ಕಾರಿಗೆ ಎಸಿ ಗ್ಯಾಸ್ ತುಂಬಿಸಿದ ಎರಡೇ ದಿನಕ್ಕೆ ಬಿಸಿಗಾಳಿ ಬರುತ್ತಿತ್ತು, ಅಷ್ಟೇ.

“ಪೈಪ್ ಸೋರ್ತದ ರೀ ಸಾಹೇಬ್ರ, ಬದಲಿ ಮಾಡಸ್ರಿ” ಎಂದು ಮೌಲಾಲಿ ಹೇಳುತ್ತಲೇ ಇದ್ದ.

“ಸುಳ್ಳು ಹೇಳಬ್ಯಾಡ. ನಾ ಮೀಟಿಂಗಿಗೆ ಹೋದಾಗ ನೀ ಒಳಗ ಎಸಿ ಹಚ್ಚಿಕೊಂಡು ಮಲಗ್ತಿ. ಗ್ಯಾಸೆಲ್ಲ ನೀನ ಖಾಲಿ ಮಾಡ್ತಿ. ಇನ್ನ ಹೊರಗ ನಿಲ್ಲು” ಎಂದು ರಾಯರು ಕಚೇರಿಯವರೆದುರೇ ಬೈದಿದ್ದರು.

ಶನಿವಾರ ಸಂಜೆ ಮತ್ತೆ ಗ್ಯಾಸ್ ತುಂಬಿಸಿದರು. ಮೌಲಾಲಿ ಕಾರನ್ನು ಕಚೇರಿಯ ಶೆಡ್ಡಿನಲ್ಲಿ ನಿಲ್ಲಿಸಿ, ಬೀಗ ಹಾಕಿ, ಎಲ್ಲರೆದುರು ಎರಡೂ ಕೀಲಿ ರಾಯರ ಕೈಗಿಟ್ಟ.

“ಸೋಮವಾರದ ತನಕ ನಿಮ್ಮ ಹತ್ರನ ಇರಲಿ ರೀ. ಕಳ್ಳನ ಕೈಯಾಗ ಯಾಕ ಕೊಡ್ತೀರಿ?”

ರಾಯರು ಗೆದ್ದವರಂತೆ ಕೀಲಿಯನ್ನು ಜೇಬಿಗಿಳಿಸಿ, ಗುಮಾಸ್ತನ ಸ್ಕೂಟರ್ ಹಿಂದೆ ಕೂತು ಮನೆಗೆ ಹೋದರು.

ಸೋಮವಾರ ಅವರೇ ಬೀಗ ತೆಗೆದರು, ಅವರೇ ಕಾರು ಚಾಲೂ ಮಾಡಿ ಎಸಿ ಹಚ್ಚಿದರು. ಒಲೆಯ ಬಾಯಿಂದ ಬಂದಂಥ ಗಾಳಿ ಮುಖಕ್ಕೆ ಹೊಡೆಯಿತು. ಕಚೇರಿಯವರೆಲ್ಲ ನೋಡುತ್ತ ನಿಂತಿದ್ದರು.

ಮೌಲಾಲಿ ಬಿಸಿಲಿನಿಂದಲೇ ಕೇಳಿದ: “ನಿನ್ನೆ ಒಳಗ ಯಾರು ಮಲಗಿದ್ರು ರೀ, ಸಾಹೇಬ್ರ?”