ಸರಿಯಾಗಿ ನೋಡಿ ಹೇಳು

"ಅವ್ವಾ, ನನ್ನ ಮನೆಯಲ್ಲಿ ಯಾರೂ ನನಗೆ ಎದುರು ಮಾತಾಡುವುದಿಲ್ಲ. ನಾನು ಏನು ಕೇಳಿದರೂ ಹೂಂ ಎನ್ನುತ್ತಾರೆ. ಜಗಳವಿಲ್ಲ, ಕಣ್ಣೀರಿಲ್ಲ. ಇದನ್ನು ಶಾಂತಿ ಎನ್ನಬಹುದಲ್ಲವೇ?"

ಶಿಷ್ಯ ಹೀಗೆ ಕೇಳಿದ. ಅವನು ಹೆಂಡತಿಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಅವ್ವನ ಮಠಕ್ಕೆ ಬಂದಿದ್ದ. ಆಕೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದಳು. ಅವ್ವ ಕಂಬದ ಕಡೆಗೆ ತಿರುಗಿ, "ಉಂಡೆಯಾ ತಾಯಿ?" ಎಂದಳು.

ಆಕೆ ಬಾಯಿ ತೆರೆಯುವಷ್ಟರಲ್ಲಿ ಶಿಷ್ಯ, "ಎಲ್ಲಾ ಆಗಿದೆ ಅವ್ವಾ, ನೀವು ಯೋಚನೆ ಮಾಡಬೇಡಿ" ಎಂದ.

ಅವ್ವ ಮೊರವನ್ನು ಹತ್ತಿರ ಎಳೆದುಕೊಂಡು ಅವರೆಕಾಯಿ ಸುಲಿಯಲು ಶುರುಮಾಡಿದಳು. "ಹಾಗಾದರೆ ಕೇಳು, ಮಗಾ" ಎಂದಳು.

ಬೆಟ್ಟದ ಬುಡದ ಊರಿನಲ್ಲಿ ಒಬ್ಬ ಪಾತ್ರೆ ಅಂಗಡಿಯವನಿದ್ದ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಅವನಿಗೆ ಒಂದು ಮಾತಿನ ಚಟ, ಅಷ್ಟೆ. ಯಾವುದನ್ನಾದರೂ ಹೆಂಡತಿಗೆ ತೋರಿಸಿ ಹೇಗಿದೆ ಎಂದು ಕೇಳುತ್ತಿದ್ದ. ಅವಳ ಉತ್ತರ ಅವನ ಮನಸ್ಸಿನಲ್ಲಿದ್ದ ಉತ್ತರವೇ ಆದರೆ ಸರಿ. ಅಲ್ಲದಿದ್ದರೆ ನಗುನಗುತ್ತಲೇ, "ಸರಿಯಾಗಿ ನೋಡಿ ಹೇಳು" ಎನ್ನುತ್ತಿದ್ದ.

ಮನೆಗೆ ಬಣ್ಣ ಹೊಡೆಸಿದಾಗ ಕೇಳಿದ. ನಡುಮನೆ ಕತ್ತಲೆಯಾಯಿತು ಎಂದಳು. ಸರಿಯಾಗಿ ನೋಡಿ ಹೇಳು ಎಂದ. ನೋಡಿದಳು. ಅಡಿಗೆಮನೆಗೆ ಹೋಗಿ ಬಂದು ಮತ್ತೆ ನೋಡಿದಳು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಮಗು ಅಳುತ್ತಿತ್ತು, ಅವನು ಇನ್ನೂ ಅಲ್ಲೇ ನಿಂತು ಕಾಯುತ್ತಿದ್ದ. "ಚೆನ್ನಾಗಿದೆ" ಎಂದಳು. ಅವನು ಸಂತೋಷವಾಗಿ ಅಂಗಡಿಗೆ ಹೋದ.

ಹೀಗೆ ಒಂದೆರಡು ವರ್ಷ ಕಳೆಯಿತು. ಅವಳು ಮೊದಲು ಎರಡನೆಯ ಸಲಕ್ಕೆ ಒಪ್ಪುತ್ತಿದ್ದವಳು ಆಮೇಲೆ ಹೆಚ್ಚಿನದಕ್ಕೆಲ್ಲ ಮೊದಲನೆಯ ಸಲಕ್ಕೇ ಒಪ್ಪುವುದನ್ನು ಕಲಿತಳು. ಅವನು ಅದನ್ನು ಹೊಂದಾಣಿಕೆ ಎಂದುಕೊಂಡ. ಊರವರೂ ಹಾಗೆಯೇ ಅಂದರು.

ಅವನಲ್ಲಿ ಒಂದು ಹಳೆಯ ಕಾರಿತ್ತು. ಅದರ ಬ್ರೇಕು ಒತ್ತಿದರೆ ಸ್ವಲ್ಪ ತಡವಾಗಿ ಹಿಡಿಯುತ್ತಿತ್ತು. ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬೆಟ್ಟದ ಮೇಲಿನ ಊರಿನವನು. ಬಾಯಿ ಚುರುಕು. ಒಂದು ನಾಮಕರಣದ ಊಟದಲ್ಲಿ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದ: "ಏನಪ್ಪಾ, ನಿನ್ನ ಕಾರು ನಿಲ್ಲಬೇಕಾದರೆ ಬ್ರೇಕು ಸಾಲದು, ಎದುರಿಗೆ ಒಂದು ಗೋಡೆ ಬೇಕು!"

ಎಲ್ಲರೂ ನಕ್ಕರು. ಅಂಗಡಿಯವನೂ ನಕ್ಕ. ಆದರೆ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಮಾರನೆಯ ದಿನವೇ ಗುಜರಿ ಅಂಗಡಿಗೆ ಹೋದ. ದೊಡ್ಡ ಕಾರಿನಿಂದ ಬಿಚ್ಚಿದ ಒಂದು ಜೊತೆ ಕ್ಯಾಲಿಪರ್ ತಂದ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಅವುಚಿ ಹಿಡಿಯುವ ಕಬ್ಬಿಣದ ಹಿಡಿ ಅದು. ಹಿಡಿ ದೊಡ್ಡದಾದಷ್ಟೂ ಕಾರು ಬೇಗ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು.

"ಗ್ಯಾರೇಜಿಗೆ ಬಿಡೋಣ ರೀ" ಎಂದಳು ಹೆಂಡತಿ.

"ಯಾಕೆ, ನನ್ನ ಕೈಗೇನು ಹಾವು ಕಚ್ಚಿದೆಯಾ?" ಎಂದ.

ಮನೆಯಲ್ಲೇ ಮಾಡಬೇಕು, ಮಾಡಿ ಷಡ್ಡಕನ ಅಂಗಳದಲ್ಲಿ ನಿಲ್ಲಿಸಬೇಕು. ಅವನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಹಳೆಯ ಕಬ್ಬಿಣ ಹಾಗೆಯೇ ಹಾಕಿದರೆ ಯಾರ ಕಣ್ಣಿಗೆ ಬಿದ್ದೀತು? ಎರಡಕ್ಕೂ ಕೆಂಪು ಬಣ್ಣ ಬಳಿದ. ಚಕ್ರದ ಸಂದಿಯಿಂದ ಆ ಕೆಂಪು ಕಾಣಬೇಕಿತ್ತು. ಸಾಲದು ಅನ್ನಿಸಿ ಇನ್ನೊಂದು ಸಲ ಬಳಿದ. ಇದು ಎಡಕ್ಕೆ, ಇದು ಬಲಕ್ಕೆ ಎಂದು ಆ ಕಬ್ಬಿಣದ ಮೇಲೆ ಗುರುತು ಇತ್ತು. ಅದು ಬಣ್ಣದ ಕೆಳಗೆ ಹೋಯಿತು.

ಒಂದು ಭಾನುವಾರ ಕಾರಿನ ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿದ. ಚಕ್ರ ಕಳಚಿದ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಬೋಲ್ಟು ಕೂತಿತು, ಪೈಪು ಮುಟ್ಟಿತು. ಆದರೆ ಎಡದ್ದು ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ ಬಂದಿತ್ತು.

ಅದರಿಂದೇನು ಎನ್ನುತ್ತೀಯಾ? ಬ್ರೇಕಿನ ಪೈಪಿನಲ್ಲಿ ಎಣ್ಣೆ ಇರಬೇಕು, ಗಾಳಿ ಇರಬಾರದು. ಗಾಳಿ ಇದ್ದರೆ ಪೆಡಲು ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆ ಗಾಳಿ ಬಿಡುವುದಕ್ಕೆಂದೇ ಕ್ಯಾಲಿಪರಿಗೆ ಒಂದು ಸಣ್ಣ ಮೂತಿ ಇರುತ್ತದೆ. ಗಾಳಿ ಮೇಲಕ್ಕೆ ಏರುವಂಥದ್ದು, ಹಾಗಾಗಿ ಮೂತಿ ಮೇಲಿರಬೇಕು. ಎಡ ಬಲ ಅದಲು ಬದಲಾದರೆ ಅದು ಕೆಳಕ್ಕೆ ಬರುತ್ತದೆ. ಕೆಳಗಿನ ಬಾಗಿಲು ತೆಗೆದಿಟ್ಟರೆ ಅಟ್ಟದ ಹೊಗೆ ಹೋದೀತೇ?

ಗಾಳಿ ತೆಗೆಯುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಕೂತು ಮೂತಿ ಬಿಚ್ಚಿ ಮುಚ್ಚಬೇಕು. ಅಂಗಡಿಯವನು ಹೆಂಡತಿಯನ್ನು ಕರೆದು ಒಳಗೆ ಕೂರಿಸಿದ. ತಾನು ನೆಲದ ಮೇಲೆ ಕೂತು ಮೂತಿಗೆ ಒಂದು ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಬಾಟಲಿಗೆ ಬಿಟ್ಟ. ಒತ್ತು ಎಂದ, ಒತ್ತಿದಳು. ಬಿಡು ಎಂದ, ಬಿಟ್ಟಳು. ಮೊದಮೊದಲು ಎಣ್ಣೆಯ ಜೊತೆ ಗುಳ್ಳೆ ಬಂತು. ಆಮೇಲೆ ಬರೀ ಎಣ್ಣೆ ಬಂತು. ಅವನ ಕಣ್ಣಿಗೆ ಕೆಲಸ ಮುಗಿದಿತ್ತು. ಆದರೆ ಬ್ರೇಕು ಹೇಗಿದೆ ಎಂಬುದು ಆಗ ಗೊತ್ತಿದ್ದದ್ದು ಅವಳ ಕಾಲಿಗೆ ಮಾತ್ರ.

"ಗಟ್ಟಿಯಾಯಿತಾ?" ಎಂದು ಕೇಳಿದ.

"ಇಲ್ಲ ರೀ. ಮೆತ್ತಗಿದೆ. ನೆನೆದ ಹಿಂಡಿ ತುಳಿದ ಹಾಗಿದೆ."

"ಗುಳ್ಳೆ ನಿಂತಿದೆಯಲ್ಲೇ! ಸರಿಯಾಗಿ ನೋಡಿ ಹೇಳು."

ಒತ್ತಿದಳು. "ಮೊದಲಿಗಿಂತ ಪರವಾಗಿಲ್ಲ. ಆದರೂ ಮೆತ್ತಗೇ ಇದೆ" ಎಂದಳು.

ಮೂತಿ ಮತ್ತೆ ಬಿಚ್ಚಿದ, ಮುಚ್ಚಿದ. ಬಾಟಲಿ ತುಂಬಿತು, ಚೆಲ್ಲಿದ. ಬಿಸಿಲು ಅವನ ಬೆನ್ನಿಗೆ ಬಂತು. ಪಕ್ಕದ ಮನೆಯವನು ಬೇಲಿಯ ಆಚೆ ನಿಂತು ನೋಡುತ್ತಿದ್ದ. ಅಂಗಡಿಯವನು ಕೆಳಗಿನಿಂದಲೇ, ಈ ಸಲ ಇನ್ನೂ ಮೆಲ್ಲಗೆ, "ಸರಿಯಾಗಿ ನೋಡಿ ಹೇಳು" ಎಂದ.

ಅವಳು ಒತ್ತಿದಳು. ಪೆಡಲು ಮೊದಲಿನ ಹಾಗೆಯೇ ಒಳಗೆ ಹೋಯಿತು.

"ಹೂಂ. ಗಟ್ಟಿಯಾಗಿದೆ" ಎಂದಳು.

ಅವನು ಎದ್ದು ಕೈ ಒರೆಸಿಕೊಂಡ. ಒಳಗೆ ಕೂತು ತಾನೂ ಪೆಡಲನ್ನು ಪಟಪಟನೆ ಒತ್ತಿ ನೋಡಿದ. ಹಾಗೆ ಒಂದರ ಮೇಲೊಂದು ಒತ್ತಿದರೆ ಮೆತ್ತಗಿರುವುದೂ ಒಂದು ಗಳಿಗೆ ಗಟ್ಟಿಯಾಗುತ್ತದೆ. ಅವನಿಗೆ ಅಷ್ಟು ಸಾಕಿತ್ತು. "ನೋಡಿದೆಯಾ?" ಎಂದ.

"ಹೂಂ" ಎಂದಳು.

"ಹೊರಡು. ನಿಮ್ಮ ಭಾವನಿಗೆ ತೋರಿಸಿ ಬರೋಣ."

ಅವಳು ಒಳಗೆ ಹೋಗಿ ಸೀರೆ ಬದಲಿಸಿದಳು. ಮಗುವಿನ ಹಣೆ ಮುಟ್ಟಿ, ಮೈ ಬೆಚ್ಚಗಿದೆ ಎಂದಳು. ಪಕ್ಕದ ಮನೆಯಾಕೆಯ ಕೈಗೆ ಮಗುವನ್ನು ಕೊಟ್ಟಳು. ಕೊಟ್ಟ ಮೇಲೆ ಮತ್ತೆ ಎತ್ತಿಕೊಂಡಳು, ಮತ್ತೆ ಕೊಟ್ಟಳು. ಗಂಡ ಹಾರ್ನ್ ಮಾಡಿದ. ಹೋಗಿ ಅವನ ಎಡಗಡೆ ಕೂತಳು.

ಬೆಟ್ಟ ಹತ್ತುವಾಗ ಬ್ರೇಕು ಯಾರಿಗೆ ಬೇಕು? ಕಾರು ಸಲೀಸಾಗಿ ಹತ್ತಿತು. ಷಡ್ಡಕ ಬಂದು ಚಕ್ರದ ಹತ್ತಿರ ಬಗ್ಗಿ ಆ ಕೆಂಪನ್ನು ನೋಡಿದ. "ಪರವಾಗಿಲ್ಲವೇ! ನೀನೇ ಮಾಡಿದೆಯಾ?" ಎಂದ. ಅಂಗಡಿಯವನು ಹೆಂಡತಿಯ ಕಡೆ ನೋಡಿ, "ನೀನೇ ಹೇಳೇ, ಹೇಗಿದೆ?" ಎಂದ. "ಚೆನ್ನಾಗಿದೆ" ಎಂದಳು. ಕಾಫಿ ಕುಡಿದರು. ಅವನು ಆ ದಿನ ಸಂತೋಷವಾಗಿದ್ದ ಹಾಗೆ ಎಂದೂ ಇರಲಿಲ್ಲವಂತೆ.

ಇಳಿಯುವಾಗ ಮೊದಲನೆಯ ತಿರುವಿನಲ್ಲಿ ಪೆಡಲು ಸ್ವಲ್ಪ ಆಳಕ್ಕೆ ಹೋಯಿತು. ಎರಡನೆಯದರಲ್ಲಿ ಇನ್ನೂ ಆಳಕ್ಕೆ ಹೋಯಿತು. ಅದರ ಮುಂದಿನದರಲ್ಲಿ ನೆಲಕ್ಕೇ ಮುಟ್ಟಿತು. ಅವನು ಹೆಂಡತಿಯನ್ನು ಕೂಗಿದ. ಅವಳು ಎರಡೂ ಕೈಯಿಂದ ಸೀಟು ಹಿಡಿದುಕೊಂಡು ಮುಂದೆ ನೋಡುತ್ತ ಕೂತಿದ್ದಳು. ಅವನು ಹ್ಯಾಂಡ್‌ಬ್ರೇಕ್ ಎಳೆದ. ಕಾರು ಎಡಕ್ಕೆ ತಿರುಗಿ ರಸ್ತೆ ಬದಿಯ ಕಲ್ಲಿನ ಗೋಡೆಗೆ ಬಡಿಯಿತು. ಷಡ್ಡಕ ಹೇಳಿದ್ದ ಹಾಗೆಯೇ ನಿಂತಿತು.

ಅವನಿಗೆ ಗೀರು ಗಾಯವೂ ಆಗಲಿಲ್ಲ. ಅವಳ ಬಲಗಾಲು ಉಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. "ದೇವರು ದೊಡ್ಡವನು, ಕೂಸು ಉಳಿಯಿತು. ಆದರೆ ಇದಕ್ಕೆ ಜ್ವರ ಎಲ್ಲಿತ್ತು? ಎಲ್ಲರ ಚಕ್ಕುಲಿ ಕಸಿದುಕೊಂಡು ತಿನ್ನುತ್ತಿತ್ತಪ್ಪ" ಎಂದಳು.

ಅಂಗಡಿಯವನು ಬಹಳ ಹೊತ್ತು ಮಗುವಿನ ಹಣೆ ಮುಟ್ಟಿಕೊಂಡು ನಿಂತಿದ್ದ. ಆಮೇಲೆ ಹೆಂಡತಿಯ ಮಂಚದ ಹತ್ತಿರ ಹೋದ.

"ನಿನಗೆ ಗೊತ್ತಿತ್ತು" ಎಂದ.

"ಹೇಳಿದ್ದೆ."

"ಗಟ್ಟಿಯಾಗಿದೆ ಎಂದೆ! ನಿನ್ನ ಬಾಯಿಂದಲೇ ಹೇಳಿದೆ!"

"ಅದನ್ನು ಆಮೇಲೆ ಹೇಳಿದ್ದು. ನೀವು ಅಲ್ಲಿಗೆ ಕೇಳುವುದನ್ನು ನಿಲ್ಲಿಸಿದಿರಿ" ಎಂದಳು.

"ಗೊತ್ತಿದ್ದ ಮೇಲೆ ನೀನಾದರೂ ಯಾಕೆ ಹತ್ತಿದೆ?"

"ಹೊರಡು ಎಂದಿರಿ."

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು, ಮಗಾ. ಮುಗಿಯಲಿಲ್ಲ. ಅಂಗಡಿಯವನು ಬದಲಾದ. ನಿಜವಾಗಿಯೂ ಬದಲಾದ. ಕಾರಿನ ಮುಖ ನೋಡಲಿಲ್ಲ. ಅವಳಿಗೆ ತಲೆ ಬಾಚಿದ, ಸ್ನಾನದ ಮನೆಗೆ ಎತ್ತಿಕೊಂಡು ಹೋದ, ಸಾರು ಮಾಡುವುದನ್ನೂ ಕಲಿತ. ತಟ್ಟೆ ಅವಳ ಮುಂದೆ ಇಟ್ಟು, ಉಪ್ಪು ಸರಿಯಾಗಿದೆಯಾ ಎಂದು ಕೇಳುತ್ತಿದ್ದ. ಸರಿಯಾಗಿದೆ ಎನ್ನುತ್ತಿದ್ದಳು. ಆಮೇಲೆ ತಾನು ಉಣ್ಣಲು ಕೂತರೆ ಆ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿರುತ್ತಿತ್ತು. ಅವಳ ತಟ್ಟೆ ಖಾಲಿಯಾಗಿರುತ್ತಿತ್ತು.

ಕಟ್ಟಿಗೆಯ ಕಾಲು ಮಾಡಿಸಿ ತಂದ. ಕಟ್ಟಿದ. ಅವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಮುಖದ ಮೇಲೆ ಬೆವರು ಬಂದಿತ್ತು.

"ಒತ್ತುತ್ತದೆಯಾ? ನೋವಾಗುತ್ತದೆಯಾ?" ಎಂದ.

"ಇಲ್ಲ. ಚೆನ್ನಾಗಿದೆ."

ಅವನು ಅವಳ ಎದುರಿಗೆ ಮಂಡಿಯೂರಿ ಕೂತ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ನಿಜವಾದ ಉತ್ತರ ಬೇಕಿತ್ತು. ಕೇಳುವುದಕ್ಕೆ ಅವನ ಬಳಿ ಇದ್ದದ್ದು ಒಂದೇ ಮಾತು.

"ಸರಿಯಾಗಿ ನೋಡಿ ಹೇಳು" ಎಂದ.

ಅವಳು ಇನ್ನೊಂದು ಹೆಜ್ಜೆ ಇಟ್ಟು ನೋಡಿದಳು. "ಸರಿಯಾಗಿ ನೋಡಿಯೇ ಹೇಳಿದೆ. ಸ್ವಲ್ಪವೂ ನೋವಿಲ್ಲ" ಎಂದಳು.

ರಾತ್ರಿ ಕಟ್ಟು ಬಿಚ್ಚಿದಾಗ ಬಟ್ಟೆಗೆ ರಕ್ತ ಅಂಟಿತ್ತು.

ಅವ್ವ ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು. ಕತೆ ಮುಗಿದಿತ್ತು.

ಶಿಷ್ಯ ನಿಟ್ಟುಸಿರು ಬಿಟ್ಟ. "ಪಾಪ ಅನ್ನಿಸುತ್ತದೆ ಅವ್ವಾ. ಆದರೂ ತಪ್ಪು ಅವಳದೂ ಇದೆ. ಬಾಯಿ ಇದ್ದವಳು ಗಟ್ಟಿಯಾಗಿ ಹೇಳಬೇಕಿತ್ತು. ನನ್ನವಳು ಹಾಗಲ್ಲ, ಏನಿದ್ದರೂ ಹೇಳುತ್ತಾಳೆ. ಬೇಕಾದರೆ ನೀವೇ ಕೇಳಿ ನೋಡಿ" ಎಂದ.

ಅವ್ವ ಹೇಳಿದಳು: "ಬಂದ ಕೂಡಲೇ ಕೇಳಿದೆನಲ್ಲ ಮಗಾ, ಉಂಡೆಯಾ ಎಂದು, ಅವಳು ಇನ್ನೂ ಹೇಳಿಲ್ಲ."