ಮುದೇನಕೊಪ್ಪದ ತೆರೆದ ಸಾಲಿ

ಮುದೇನಕೊಪ್ಪಕ್ಕೆ ಹೊಸಬರು ಯಾರಾದರೂ ಬಂದರೆ ನನಗೆ ಅದೇ ಹಬ್ಬ. ಬಸ್ಸಿಳಿದವರನ್ನು ಮನೆಗೆ ಕರೆದು ಚಹಾ ಕುಡಿಸಿ ಮೊದಲು ಶಾಲೆಗೆ ಕರೆದೊಯ್ಯುತ್ತೇನೆ, ಗುಡಿ ಆಮೇಲೆ. ಫಲಕದ ಮೇಲೆ 'ಸರಕಾರಿ ಕಿರಿಯ ಪ್ರಾಥಮಿಕ ಶಾಲೆ' ಎಂದಿದೆ ನಿಜ, ಆದರೆ ಆ ಹೆಸರು ಹಿಡಿದು ಕೇಳಿದರೆ ಸುತ್ತಲಿನ ಹಳ್ಳಿಯವರು ದಾರಿ ತೋರಿಸಲಾರರು. 'ತೆರೆದ ಸಾಲಿ' ಅನ್ನಬೇಕು. ಕಲ್ಲುಮಣ್ಣಿನ ಒಂದೇ ಕೋಣೆ. ಚೌಕಟ್ಟಿದೆ, ಹೊಸ್ತಿಲಿದೆ, ಬಾಗಿಲಿಲ್ಲ. ಇಲಾಖೆಯವರು ಎರಡು ಸಲ ಬಾಗಿಲು ಕೂಡಿಸಿದರು. ಎರಡೂ ಸಲ ಊರವರು ಅದನ್ನು ಕಳಚಿ, ಚಕ್ಕಡಿಯಲ್ಲಿ ಹೇರಿ, ಬಲು ಮರ್ಯಾದೆಯಿಂದಲೇ ಕಚೇರಿಗೆ ಮುಟ್ಟಿಸಿ ಬಂದರು. ಆಡುಗಳು ಒಳಗೆ ಬಂದು ಮಲಗುತ್ತವೆ, ಬಿಸಿಯೂಟದ ಅಕ್ಕಿಯನ್ನು ಪಕ್ಕದ ಮನೆಯಲ್ಲಿ ಇಡಬೇಕಾಗುತ್ತದೆ. ಆದರೂ ಸರಿ, ಬಾಗಿಲು ಬೇಡ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಬಂದವನು ನಾನು. ಈ ಸಂಗತಿಗೆ ಶಾಸನವಿಲ್ಲ, ಕಾಗದವಿಲ್ಲ. ಇರುವ ದಾಖಲೆ ಎಂದರೆ ಆ ಚೌಕಟ್ಟು ಮತ್ತು ಊರವರ ಬಾಯಿ.

ಹಿಂದೆ ಒಮ್ಮೆ, ಪ್ಲೇಗಿನ ಕಾಲದಲ್ಲಿ, ಕಡು ಬೇಸಗೆಯೊಳಗೆ ನಮ್ಮೂರಲ್ಲಿ ಇಲಿಗಳು ಬೀಳತೊಡಗಿದವು ಎನ್ನುತ್ತಾರೆ. ಇಲಿ ಬಿದ್ದರೆ ಊರು ಬಿಟ್ಟು ಹೊರಬೀಳುವುದು ಆಗಿನ ಪದ್ಧತಿ. ಹಳ್ಳದಾಚೆ ಎರಡು ಮೈಲಿ ದೂರದಲ್ಲಿ ಬಿಡಾರ ಹೂಡಬೇಕು. ಕಡೆಗೆ ಉಳಿದ ತಳವಾರ ಒಂದೊಂದು ಮನೆಯ ಮುಂದೆಯೂ ನಿಂತು 'ಒಳಗ ಯಾರದೀರಿ?' ಎಂದು ಮೂರು ಸಲ ಕೂಗಿ, ಚಿಲಕ ಹಾಕಿ, ಅಡ್ಡಲಾಗಿ ಜಾಲಿಯ ಮುಳ್ಳು ಬಿಗಿಯಬೇಕು. ಒಳಗೆ ಮಾರಿ ಕೂತಿರುತ್ತಾಳಾದ್ದರಿಂದ ಇಣುಕಿ ನೋಡುವಂತಿಲ್ಲ. ಯಾರ ಹೆಸರೂ ಎತ್ತುವಂತಿಲ್ಲ, ಎತ್ತಿದರೆ ಮಾರಿಗೆ ಆ ಹೆಸರು ತಿಳಿಯುತ್ತದೆ. ಬಿಗಿದ ಮುಳ್ಳನ್ನು ಐದು ದಿನ ಯಾರೂ ಮುಟ್ಟಬಾರದು. ಮುಟ್ಟಿದವನ ಬೆನ್ನುಹತ್ತಿ ಮಾರಿ ಬಿಡಾರಕ್ಕೆ ಬರುತ್ತಾಳೆ. ಆ ವರ್ಷ ಈ ಕೆಲಸ ಬಿದ್ದದ್ದು ತಳವಾರ ಫಕ್ಕೀರಪ್ಪನ ಪಾಲಿಗೆ. ಮನೆಗಳೆಲ್ಲ ಮುಗಿದ ಮೇಲೆ ಅವನು ಶಾಲೆಯ ಮುಂದೆ ನಿಂತು ಮೂರು ಸಲ ಕೂಗಿದ. ಯಾರೂ ಓ ಎನ್ನಲಿಲ್ಲ. ಚಿಲಕ ಹಾಕಿ ಮುಳ್ಳು ಬಿಗಿದು ಹೊರಟ.

ಸಂಜೆ ಬಿಡಾರದಲ್ಲಿ ನೋಡಿದರೆ ತಿಪ್ಪವ್ವನೆಂಬ ವಿಧವೆಯ ಮಗಳು ಸಾವಂತ್ರಿ ಇಲ್ಲ. ಎಂಟು ವರ್ಷದ ಹುಡುಗಿ, ಆ ಶಾಲೆಗೆ ಕಾಲಿಟ್ಟ ಮೊದಲ ಹೆಣ್ಣುಮಗು. 'ಅಕ್ಷರ ಕಲಿತು ಏನ್ ಗೌಡಕಿ ಮಾಡ್ತಾಳೇನ ನಿನ್ ಮಗಳು?' ಎಂದು ನೀರಿನ ದಾರಿಯಲ್ಲಿ ಹೆಂಗಸರು ಛೇಡಿಸುತ್ತಿದ್ದರಂತೆ. 'ನಿಮ್ಮ ಗಂಡಂದಿರಕಿಂತ ಛಂದ ಮಾಡ್ತಾಳ ತಗೋರಿ' ಎಂದು ತಿಪ್ಪವ್ವ ತಿರುಗಿ ಬೀಸುತ್ತಿದ್ದಳಂತೆ. ಅಜ್ಜಿಯ ಊರಿನ ಚಕ್ಕಡಿ ಹತ್ತಿರಬೇಕು ಎಂದು ಅಲ್ಲಿಗೆ ಆಳು ಹೋಯಿತು. ಬಾವಿ ನೋಡಿದರು, ಹಳ್ಳ ನೋಡಿದರು. ಮೂರನೆಯ ದಿನ ಮಧ್ಯಾಹ್ನ, ಬಿಡಾರದ ಬೇವಿನ ಮರದ ಕೆಳಗೆ ಪಾಠ ಹೇಳೋಣವೆಂದು ಮಾಸ್ತರರು ಶಾಲೆಯಿಂದ ತಂದಿದ್ದ, ಮಕ್ಕಳು ಬರೆಯುವ ಪಾಟಿಗಳ ಚೀಲ ಬಿಚ್ಚಿದರು. ಸಾವಂತ್ರಿಯ ಪಾಟಿಯೊಂದೇ ಅದರಲ್ಲಿರಲಿಲ್ಲ, ಶಾಲೆಯಲ್ಲೇ ಉಳಿದಿತ್ತು. ಪಾಟಿಗಾಗಿ ತಿರುಗಿ ಹೋಗಿದ್ದಾಳೆ ಎಂದು ಅವರಿಗೆ ಆಗ ಹೊಳೆಯಿತು.

'ಮೂರು ಸಲ ಕರದೇನ್ರಿ ಮಾಸ್ತರ. ಹಳ್ಳದ ತನಕ ಕೇಳುವಂಗ ಕರದೇನಿ' ಎಂದ ಫಕ್ಕೀರಪ್ಪ.

ತಿಪ್ಪವ್ವ ಅವನೆದುರು ಬಂದು ನಿಂತಳು. 'ಹೆಸರು ಹಿಡಿದು ಕರದೇನೋ ಯಣ್ಣಾ?'

'ಹೆಂಗ ಕರೀಲೆವ್ವ? ಕರೀಬಾರದಲ್ಲ.'

'ಹೆಸರು ಹಿಡೀಲಾರದ ಬಾಗಿಲದಾಗ ಕೂಗಾಕಿ ಮಾರಿ, ಓ ಅನಬ್ಯಾಡ ಅಂತ ನಾನ ಹೇಳಿದ್ದೆ' ಎಂದಳು ಅವಳು.

ಆ ಹಂಗಾಮಿನಲ್ಲಿ ಊರಿನ ತಾಯಂದಿರೆಲ್ಲ ತಮ್ಮ ಮಕ್ಕಳಿಗೆ ಅದನ್ನೇ ಹೇಳಿದ್ದರು. ಬಾಗಿಲು ತೆಗೆಸಿರೆಂದು ತಿಪ್ಪವ್ವ ಊರ ಗೌಡರ ಕಾಲು ಹಿಡಿದಳು. ಗೌಡರು ಕಟುಕರೇನಲ್ಲ, ಅತ್ತರು ಎನ್ನುತ್ತಾರೆ; ಆದರೂ ಒಪ್ಪಲಿಲ್ಲ. 'ಇನ್ನೆರಡು ದಿನ ತಡಿ. ಒಂದು ಕೂಸಿನ ಸಲುವಾಗಿ ಮುನ್ನೂರು ಜೀವ ಹೆಂಗ ಒಡ್ಡಲವ್ವಾ?' ಫಕ್ಕೀರಪ್ಪ ಕೊಡಲಿ ಎತ್ತಿಕೊಂಡ. ಮುಳ್ಳು ಕಡಿದರೆ ತಿರುಗಿ ಬಿಡಾರಕ್ಕೆ ಬರಬೇಡ ಎಂದರು ಗೌಡರು. 'ಬರೂದಿಲ್ರಿ. ಹಾಕಿದ ಕೈನ ತಗೀಬೇಕಲ್ರಿ' ಎಂದು ಅವನು ನಡೆದ. ತಿಪ್ಪವ್ವ ಅವನ ಹಿಂದೆ ಓಡಿದಳು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಹುಡುಗಿ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. ಹನಿ ನೀರಿಲ್ಲದೆ, ಆ ಸೆಕೆಯಲ್ಲಿ, ಜೀವ ಹೋಗಿ ಬಹಳ ಹೊತ್ತಾಗಿರಲಿಲ್ಲ. ಬಾಗಿಲ ಒಳಮೈ ತುಂಬ, ಮಗುವಿನ ಕೈ ಎಟಕುವ ಎತ್ತರದವರೆಗೂ, ಬಳಪದ ಗೀರುಗಳಿದ್ದವು. ಓದುಬರಹ ಇಬ್ಬರಿಗೂ ಬಾರದು. ಉಗುರಿನಿಂದ ಪರಚಿದ್ದಾಳೆ ಎಂದೇ ತಿಳಿದರು. ಮಣ್ಣು ಮಾಡಿದ ಮೇಲೆ ಫಕ್ಕೀರಪ್ಪ ಆ ಬಾಗಿಲನ್ನು ಕಳಚಿ ತಲೆಯ ಮೇಲೆ ಹೊತ್ತು ತಂದು, ಹಳ್ಳದ ಈಚೆ ದಂಡೆಯಲ್ಲಿ ನಿಲ್ಲಿಸಿದ. ಆಚೆ ದಂಡೆಯಲ್ಲಿ ಇಡೀ ಊರು ನಿಂತಿತ್ತು. 'ಏನೈತ್ರಿ ಮಾಸ್ತರ ಇದು?' ಎಂದು ಕೂಗಿದ. ಮಾಸ್ತರರು ಬತ್ತಿದ ಹಳ್ಳದ ನಡುವಿನವರೆಗೂ ಇಳಿದು ಬಂದು, ಗಟ್ಟಿಯಾಗಿ ಓದಿದರು: 'ಸಾವಂತ್ರಿ. ಸಾವಂತ್ರಿ. ಸಾವಂತ್ರಿ.' ಬರೆದದ್ದು ಅದೊಂದೇ. ಕೂಗುವವರಿಗೆ ತನ್ನ ಹೆಸರು ಗೊತ್ತಿಲ್ಲವೇನೋ ಎಂದು ಬರೆದಿಟ್ಟಿದ್ದಳು.

ಮಾರಿ ಹಳ್ಳ ದಾಟಿ ಬರಲಿಲ್ಲ. ಮುಳ್ಳು ಕಡಿದ ಫಕ್ಕೀರಪ್ಪನಿಗಾಗಲಿ, ಜೊತೆಗಿದ್ದ ತಿಪ್ಪವ್ವನಿಗಾಗಲಿ, ಬಿಡಾರದ ಮುನ್ನೂರು ಜನಕ್ಕಾಗಲಿ ಒಂದು ಜ್ವರವೂ ಬರಲಿಲ್ಲ. ಮೊದಲ ದಿನವೇ ತೆಗೆದಿದ್ದರೂ ಬರುತ್ತಿರಲಿಲ್ಲ ಎಂಬ ಈ ಮಾತೇ ಗೌಡರನ್ನು ಒಳಗೊಳಗೇ ತಿಂದಿತು ಎನ್ನುತ್ತಾರೆ. ಊರಿಗೆ ಮರಳಿದ ದಿನ ಬಡಿಗ ಹೊಸ ಬಾಗಿಲಿಗೆ ಅಳತೆ ತೆಗೆಯಲು ಬಂದಾಗ, ಅವರೇ ಹೊಸ್ತಿಲ ಮೇಲೆ ಕುಳಿತು ಅವನನ್ನು ತಿರುಗಿ ಕಳಿಸಿದರಂತೆ.

ಇಂದಿಗೂ ನಮ್ಮೂರಲ್ಲಿ ಮನೆ ಮುಂದೆ ನಿಂತು 'ಯಾರದೀರಿ?' ಎಂದು ಕೂಗಿ ನೋಡಿ, ಯಾರೂ ಹೊರಬರುವುದಿಲ್ಲ. ಹೆಸರು ಹಿಡಿದೇ ಕರೆಯಬೇಕು. ಬಳೆಗಾರರಿಗೂ, ಜನಗಣತಿಯವರಿಗೂ ಇದನ್ನು ನಾನೇ ಕಲಿಸಿದ್ದೇನೆ. ಬಂದವರನ್ನು ಶಾಲೆ ಬಿಡುವ ಹೊತ್ತಿನ ತನಕ ಮಾತಿನಲ್ಲಿ ಕಟ್ಟಿಹಾಕುತ್ತೇನೆ, ಅದೇನೂ ನನಗೆ ಕಷ್ಟದ ಕೆಲಸವಲ್ಲ. ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಹೆಸರಿಗೆ ಓ ಎನ್ನುತ್ತ ಹೊಸ್ತಿಲು ದಾಟುತ್ತಾರೆ. ಎಲ್ಲರೂ ಹೊರಬಂದ ಮೇಲೆ ಹಾಜರಿ ಓದುವ ಶಿಕ್ಷಕರು ಖಾಲಿ ಕೋಣೆಯ ಕಡೆ ತಿರುಗಿ ಇನ್ನೊಂದು ಹೆಸರು ಕರೆಯುತ್ತಾರೆ. ಅಷ್ಟು ಹೊತ್ತೂ ಗದ್ದಲ ಮಾಡಿದ ಮಕ್ಕಳು ಆಗ ಮಾತ್ರ ಸುಮ್ಮನೆ ನಿಲ್ಲುತ್ತಾರೆ. ನಾನೂ ಸುಮ್ಮನಿರುತ್ತೇನೆ.