ಎಣ್ಣೆಗೆ ಬಿಟ್ಟ ಜಡೆ

ಮಲಪ್ರಭೆಯ ದಂಡೆಯ ಒಂದು ಪಾಳು ಮಂಟಪದಲ್ಲಿ ಪೂಜ್ಯ ನಿಂಬೆವ್ವ ತಾಯಿಯವರು ಬಹುಕಾಲ ವಾಸವಾಗಿದ್ದರು. ಹೊದೆಯಲು ಕಂಬಳಿ, ನೀರಿಗೊಂದು ಗಡಿಗೆ, ಕೊರಳಲ್ಲಿ ಇಷ್ಟಲಿಂಗ, ಇಷ್ಟೇ ಅವರ ಸಂಸಾರ. ತಲೆಯನ್ನು ನುಣ್ಣಗೆ ಬೋಳಿಸಿಕೊಂಡಿದ್ದರು. ಅಂಥವರ ಬಳಿ ತಲೆ ಬಾಚುವ ಕಟ್ಟಿಗೆಯ ಹಣಿಗೆಯೊಂದು ಏಕಿತ್ತೆಂದು ಭಕ್ತರು ಈಗಲೂ ಕೇಳುವುದುಂಟು. ಪವಾಡವೇ ಬೇಕೆನ್ನುವವರು ಬೇರೆ ಕಡೆ ಹೋಗಲಿ. ಈ ಪ್ರಸಂಗದಲ್ಲಿ ಎಣ್ಣೆ, ನೀರು, ಹಣಿಗೆ ಬಿಟ್ಟರೆ ಬೇರೇನೂ ಇಲ್ಲ.

ಒಂದು ಮಧ್ಯಾಹ್ನ ಎಳವೆಯಲ್ಲೇ ದೇವಿಗೆ ಬಿಟ್ಟಿದ್ದ ಗಾಳೆವ್ವನೆಂಬ ಜೋಗತಿ ತನ್ನ ಮಗಳು ಕಸ್ತೂರಿಯ ಕೈಹಿಡಿದು ಎಳೆದುಕೊಂಡೇ ಬಂದಳು. ಗಾಳೆವ್ವನ ಕೂದಲು ಜಡೆಗಟ್ಟಿ ಹಗ್ಗದಂತೆ ಸೊಂಟಕ್ಕೆ ಇಳಿದಿತ್ತು. ಹುಡುಗಿಯ ಹಿಂದಲೆಯಲ್ಲೂ ಅಂಥದೇ ಗಂಟು, ಅದರ ಮೇಲೆ ಮೆತ್ತಿದ ಭಂಡಾರದ ಅರಿಸಿನ. ಆ ಸೀಮೆಯಲ್ಲಿ ಹೆಣ್ಣುಮಗುವಿನ ಕೂದಲು ಜಡೆಗಟ್ಟಿದರೆ ದೇವಿ ಕರೆದಳೆಂದೇ ಲೆಕ್ಕ. ಆಮೇಲೆ ಹಣಿಗೆ ಸೋಕಿಸುವಂತಿಲ್ಲ, ನೀರು ಹಾಕುವಂತಿಲ್ಲ. ಅರಿಸಿನ ಹಚ್ಚಿ ಹಚ್ಚಿ ಪೂಜಿಸುತ್ತಾರೆ, ಗಂಟು ಇನ್ನಷ್ಟು ಬಿಗಿಯುತ್ತದೆ. ಕಡೆಗೆ ಕೊರಳಿಗೆ ಮುತ್ತು ಕಟ್ಟಿ ಮಗುವನ್ನು ದೇವಿಗೆ ಬಿಡುತ್ತಾರೆ. ಹಾಗೆ ಬಿಟ್ಟವಳಿಗೆ ಗಂಡನಿಲ್ಲ, ತನ್ನದೆಂಬ ಮನೆಯಿಲ್ಲ; ಅವಳ ಬದುಕಿನ ಮೇಲೆ ಊರಿನ ಉಳ್ಳವರದೇ ಅಧಿಕಾರ. ಇದನ್ನು ಭಕ್ತಿಯೆಂದು ಕರೆಯುವ ನಾಲಿಗೆಗೆ ಏನೆನ್ನಬೇಕೋ ನನಗೆ ತಿಳಿಯದು.

ಗಾಳೆವ್ವ ಮುತ್ತಿನ ಸರವನ್ನು ತಾಯಿಯವರ ಪಾದದ ಮುಂದಿಟ್ಟಳು.

"ಬರೂ ಹುಣ್ಣಿಮಿಗೆ ಕಟ್ಟಸ್ತೀನ್ರಿ ಯವ್ವಾ. ನಿಮ್ಮ ಕೈ ಒಮ್ಮೆ ಮುಟ್ಟಸ್ರಿ."

ತಾಯಿಯವರು ಸರವನ್ನು ಮುಟ್ಟಲಿಲ್ಲ. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಗಂಟಿನ ಸುತ್ತ ಬೆರಳಾಡಿಸಿದರು. ಅಡಿಯಲ್ಲಿ ಹುಣ್ಣಾಗಿತ್ತು. ಮಗು ಹಲ್ಲು ಕಚ್ಚಿ ಕುಳಿತಿತ್ತು.

"ಈ ಕೂಸು ಜ್ವರದಾಗ ಮಲಗಿತ್ತೇನು?"

"ಹೌದ್ರಿ. ಬ್ಯಾಸಗ್ಯಾಗ ಬಾಳ ದಿನ ಹಾಸಿಗಿ ಬಿಟ್ಟು ಎದ್ದಿರಲಿಲ್ಲ. ಎದ್ದಾಗ ನೋಡಿದ್ರ ಜಡಿ ಬಂದಿತ್ತು."

"ಬಿಡಸೋಣು," ಎಂದರು ತಾಯಿಯವರು.

ಗಾಳೆವ್ವ ಮಗಳನ್ನು ಕಿತ್ತುಕೊಂಡಳು. ಅವಳ ಅಂಜಿಕೆಗೆ ಕಾರಣವಿತ್ತು. ಅವಳ ತಂಗಿ ಹಿಂದೆ ಯಾರದೋ ಮಾತು ಕೇಳಿ ತನ್ನ ಜಡೆಗೆ ಕತ್ತರಿ ಹಾಕಿಸಿಕೊಂಡಿದ್ದಳು. ಮುಂದಿನ ಮಳೆಗಾಲದ ವಾಂತಿಭೇದಿಯಲ್ಲಿ ತೀರಿಕೊಂಡಳು. ಆ ವರ್ಷ ಊರಲ್ಲಿ ಜಡೆಯಿಲ್ಲದವರೂ ಸತ್ತಿದ್ದರು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಇರಾಕಿ ಒಬ್ಬಾಕಿ ಮಗಳ್ರಿ. ದೇವಿಗೆ ಬಿಟ್ಟರ ಜೀವಾ ಆದ್ರೂ ಉಳಿತೈತಿ."

"ಕತ್ತರಿ ಮುಟ್ಟಸೂದಿಲ್ಲ," ಎಂದರು ತಾಯಿಯವರು. "ಎಣ್ಣಿ ಹಚ್ಚತೀನಿ. ದೇವಿ ಇದ್ದರ ಇರ್ತಾಳ. ಎಣ್ಣಿಗೆ ಬಿಟ್ಟು ಹೋದ್ರ, ಅದು ದೇವಿ ಅಲ್ಲವ್ವಾ, ಗಂಟು."

ಗಾಳೆವ್ವ ಮಗಳ ಕೈ ಸಡಿಲಿಸಿದಳು. ಹುಣ್ಣಿಮೆಯವರೆಗೆ ಮಂಟಪದಲ್ಲಿ ಉಳಿಯಲು ಒಪ್ಪಿದಳು. ಒಪ್ಪಿದ್ದು ನಂಬಿಕೆಯಿಂದಲ್ಲ, ಈ ಮುದುಕಿ ತಾನೇ ಸೋತು ಕೈಬಿಡುತ್ತಾಳೆ ಎಂಬ ಎಣಿಕೆಯಿಂದ.

ತಾಯಿಯವರು ಹೊಳೆದಂಡೆಯ ಗರಗದ ಸೊಪ್ಪನ್ನು ಅರೆದು, ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಸಿದರು. ಬೆಚ್ಚಗಿನ ಎಣ್ಣೆಯನ್ನು ಗಂಟಿಗೆ ಕುಡಿಸಿ, ನೆನೆಯಲು ಬಿಟ್ಟು, ದಾಸವಾಳದ ಎಲೆಯ ಲೋಳೆಯಿಂದ ತೊಳೆದರು. ಹುಣ್ಣಿಗೆ ಬೇವಿನ ನೀರು ಹಾಕಿದರು. ಹಣಿಗೆಯನ್ನು ಬುಡದಲ್ಲಿ ಎಂದೂ ಊರಲಿಲ್ಲ. ನೋವಾಗದಂತೆ ಬುಡವನ್ನು ಎಡಗೈಯಲ್ಲಿ ಹಿಡಿದು, ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಮೇಲಕ್ಕೆ ಬರುತ್ತಿದ್ದರು. ಇಡೀ ದಿನ ಕುಳಿತರೂ ಬೆರಳಗಲ ಬಿಟ್ಟರೆ ಹೆಚ್ಚು. ಪೂಜೆಯ ಹೊತ್ತು ಮೀರಿತೆಂದು ಭಕ್ತರೊಬ್ಬರು ನೆನಪಿಸಿದಾಗ, "ನಡದೈತಲ್ಲ," ಎಂದಷ್ಟೇ ಅಂದರು.

ಅರ್ಧ ಗಂಟು ಬಿಟ್ಟಿದ್ದಾಗ ಹುಡುಗಿಯ ಮೈ ಕಾವೇರಿತು. ಗಾಳೆವ್ವ ಎದೆ ಬಡಿದುಕೊಂಡು ಭಂಡಾರದ ಚೀಲ ಹಿಡಿದು ಓಡಿಬಂದಳು. "ದೇವಿ ಬಂದಳ್ರಿ, ನನ್ನ ಕೂಸಿನ್ನ ಒಯ್ಯಾಕ ಬಂದಳು," ಎಂದು ಅತ್ತಳು.

ತಾಯಿಯವರು ಹಣಿಗೆಯನ್ನು ಕೆಳಗಿಡಲಿಲ್ಲ. "ಬಿಡಿಸಿದ ಕೈ ನಂದು. ಸಿಟ್ಟಿದ್ರ ನನ್ನ ಮ್ಯಾಲ ಬರ್ಲಿ."

ಜ್ವರ ಎರಡು ದಿನ ಕಾಡಿ ಇಳಿಯಿತು. ಅಲ್ಲಿಯವರೆಗೆ ಅವರು ಮಗುವಿನ ತಲೆಯನ್ನು ತಮ್ಮ ತೊಡೆಯಿಂದ ಇಳಿಸಲಿಲ್ಲ. ಗಾಳೆವ್ವ ಎದುರಿಗೇ ಕುಳಿತು, ಆ ಮುದಿ ಬೆರಳುಗಳನ್ನೇ ನೋಡುತ್ತಿದ್ದಳು.

ಹುಣ್ಣಿಮೆಯ ಹಿಂದಿನ ದಿನ ಕೊನೆಯ ಗಂಟು ಬಿಟ್ಟಿತು. ಕೂದಲು ಬೆನ್ನ ತುಂಬ ಇಳಿಯಿತು. ಕಸ್ತೂರಿ ಅದನ್ನು ಮುಂದಕ್ಕೆ ಎಳೆದುಕೊಂಡು ಮೂಸಿ ನೋಡಿ ನಕ್ಕಳು. ನೆರೆದಿದ್ದ ಭಕ್ತರು ಕೈಮುಗಿದರು. ಗಾಳೆವ್ವ ಮಾತ್ರ ನಗಲಿಲ್ಲ. ಮಗಳ ಕೂದಲಲ್ಲಿ ಬೆರಳು ಹಾಯಿಸಿದಳು. ಬೆರಳು ಎಲ್ಲೂ ತಡೆಯದೆ ತುದಿಗೆ ಬಂತು. ಆಮೇಲೆ ಅದೇ ಕೈ ತನ್ನ ಜಡೆಯ ಮೇಲೆ ಹೋಯಿತು.

"ಇಷ್ಟೇ ಏನ್ರಿ?" ಎಂದಳು. "ಸಣ್ಣಾಕಿದ್ದಾಗ ನನಗೂ ಜ್ವರ ಬಂದಿತ್ರಿ. ನಮ್ಮವ್ವ ಒಂದು ಬಟ್ಟಲ ಎಣ್ಣಿ ಹಚ್ಚಿದ್ರ ಹೋಗತಿತ್ತು. ನನ್ನ ಬಾಳೇ ಹೋದದ್ದು ಇಷ್ಟಕ್ಕೇನ್ರಿ?"

ತಾಯಿಯವರು ಹಣಿಗೆಯನ್ನು ಕೆಳಗಿಟ್ಟರು. ಸುಖದುಃಖ ಗೆದ್ದವರೆಂದು ಲೋಕ ಹೊಗಳಿದ ಆ ಮಹಾತ್ಮರು, ಎಲ್ಲರ ಎದುರೇ ಗಾಳೆವ್ವನ ಕೈ ಹಿಡಿದು ಅತ್ತರು.

ಗಾಳೆವ್ವನ ಜಡೆ ಎಣ್ಣೆಗೆ ಬಿಡುವ ಹಂತ ದಾಟಿತ್ತು. "ಇದಕ್ಕ ಕತ್ತರಿನೇ ಬೇಕು. ಅಂಜಿಕಿ ಐತೇನವ್ವಾ?" ಎಂದು ತಾಯಿಯವರು ಕೇಳಿದರು.

"ಇನ್ನ ಹೋಗೂದು ಏನ ಉಳದೈತ್ರಿ?" ಎಂದು ಅವಳು ತಾನೇ ಕತ್ತರಿ ಹಿಡಿದಳು. ಜಡೆಯೂ ಮುತ್ತಿನ ಸರವೂ ಒಟ್ಟಿಗೆ ಹೊಳೆಯ ಪಾಲಾದವು.

ತಾಯಿಯವರು ಲಿಂಗೈಕ್ಯರಾದ ಮೇಲೆ ಆ ಹಣಿಗೆ ಗಾಳೆವ್ವನವರ ಕೈಗೆ ಬಂತು. ಭಂಡಾರ ಮೆತ್ತಿದ ಮಕ್ಕಳನ್ನು ಕರೆದುಕೊಂಡು ನಡುಗುತ್ತ ಬರುವ ತಾಯಂದಿರಿಗೆ ಅವರು ಉಪದೇಶ ಮಾಡುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಸಿ, ಹೊಸದಾಗಿ ಬೆಳೆದು ನರೆತ ತಮ್ಮ ಕೂದಲನ್ನು ಮುಟ್ಟಿ ನೋಡಲು ಕೊಡುತ್ತಿದ್ದರು.

"ಕತ್ತರಿ ಹಾಕಿಕೊಂಡಾಕಿ ನಾನು. ಸತ್ತಿಲ್ಲ ನೋಡವ್ವಾ. ಕೂಸಿನ್ನ ಇಲ್ಲಿ ಕುಂದರಸು, ಎಣ್ಣಿ ಬೆಚ್ಚಗೈತಿ."